ಸಹಾಯ ಬೇಕು: ಮಣ್ಣಿನಿಂದ ಗಿಡಕ್ಕೆ ಎಷ್ಟು ಸೀಸಿಯಂ?

ನಮಸ್ಕಾರ. ಸೀಸಿಯಂ-137 (ವಿಕಿರಣ ಸೂಸುವ ಒಂದು ಬಗೆಯ ಸೀಸಿಯಂ) ಮಣ್ಣಿನಿಂದ ಗಿಡಕ್ಕೆ ಎಷ್ಟು ಏರುತ್ತದೆ ಅನ್ನೋ ಅಳತೆಗಳನ್ನು ಒಂದೇ ಪಟ್ಟಿಗೆ ತರುತ್ತಿದ್ದೇನೆ. ಒಂದು ಕೆಜಿ ಗಿಡದ ಬೆಕೆರೆಲ್ (ವಿಕಿರಣಶೀಲತೆ ಅಳೆಯುವ ಮಾನ) ಅನ್ನು ಒಂದು ಕೆಜಿ ಮಣ್ಣಿನದರಿಂದ ಭಾಗಿಸಿದರೆ ಆಯ್ತು, ಲೆಕ್ಕ ಸುಲಭ. ತೊಂದರೆ ಬೇರೆ ಕಡೆ ಇದೆ. ಜೇಡಿ ಮಣ್ಣು ಸೀಸಿಯಂ ಅನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ, ಮರಳು ಮಣ್ಣು ಬಿಟ್ಟುಕೊಡುತ್ತದೆ. ಪೊಟ್ಯಾಸಿಯಂ ಕಡಿಮೆ ಇದ್ದರೆ ಬೇರು ಸೀಸಿಯಂ ಅನ್ನೇ ಜಾಸ್ತಿ ಎಳೆಯುತ್ತದೆ. ನನಗೆ ಸಿಕ್ಕ ಹಳೇ ವರದಿಗಳಲ್ಲಿ ಸುಮ್ನೆ ‘ಮಣ್ಣು’ ಅಂತಷ್ಟೇ ಇದೆ! ಒಂದರಲ್ಲಂತೂ ಎಲೆಯ ತೂಕ ಹಸಿಯದೋ ಒಣಗಿದ್ದೋ ಅಂತಲೂ ಬರೆದಿಲ್ಲ. ಎಲೆಯಲ್ಲಿ ನೀರೇ ಜಾಸ್ತಿ ಅಲ್ವಾ, ಉತ್ತರ ಹತ್ತು ಪಟ್ಟು ಆಚೀಚೆ ಆಗಬಹುದು.

ಇಂಥ ಅಳತೆ ಮಾಡಿದವರು ಯಾರಾದರೂ ಇದ್ದೀರಾ? ಮಣ್ಣಿನ ಬಗೆ, ಪಿಎಚ್, ಪೊಟ್ಯಾಸಿಯಂ, ಮಾದರಿ ತೆಗೆದ ಆಳ ಬರೆದಿಟ್ಟ ಅಂಕಿಗಳು ಬೇಕು. ‘ಏನೂ ಸಿಗಲಿಲ್ಲ’ ಅನ್ನೋ ಫಲಿತಾಂಶವನ್ನೂ ಕಳಿಸಿ. ಜೊತೆಗೆ ಉಪಕರಣ ಎಷ್ಟು ಕಡಿಮೆವರೆಗೆ ಅಳೆಯುತ್ತದೆ ಅಂತ ಬರೆಯಿರಿ.