ನಾಲ್ಕನೇ ತರಗತಿ ಮಗನಿಗೆ ಓದಲು ಬರುತ್ತಿಲ್ಲ, ಸರ್ಕಾರಿ ಶಾಲೆಯಲ್ಲಿ ಸ್ಪೆಷಲ್ ಟೀಚರ್ ಸಿಗುತ್ತಾರಾ?

ತಿಪಟೂರಿನ ಅಮ್ಮ:
ಮಗ ಸರ್ಕಾರಿ ಶಾಲೆಯಲ್ಲಿ ನಾಲ್ಕನೇ ತರಗತಿ. ಲೆಕ್ಕ ಬಾಯಲ್ಲೇ ಮಾಡುತ್ತಾನೆ, ಕಥೆ ಹೇಳಿದರೆ ಒಂದು ಮಾತೂ ಬಿಡದೆ ತಿರುಗಿ ಒಪ್ಪಿಸುತ್ತಾನೆ. ಪುಸ್ತಕ ಕೊಟ್ಟರೆ ಮಾತ್ರ ಮುಖ ಸಣ್ಣದಾಗುತ್ತದೆ. ಒತ್ತಕ್ಷರ ಬಂದ ಕಡೆ ನಿಂತುಬಿಡುತ್ತಾನೆ, ಪ-ಷ, ನ-ಸ ಅದಲು ಬದಲು, ನಿನ್ನೆ ಸರಿಯಾಗಿ ಬರೆದ ಪದ ಇವತ್ತು ನೆನಪಿಲ್ಲ. ಮೂರನೇ ತರಗತಿವರೆಗೆ ಯಾರೂ ಏನೂ ಹೇಳಲಿಲ್ಲ. ಈಗ ಟೀಚರ್ "ಸ್ಪೆಷಲ್ ಸ್ಕೂಲಿಗೆ ಹಾಕಿಬಿಡಿ" ಅನ್ನುತ್ತಿದ್ದಾರೆ. ಹಾಗೆ ಕಳಿಸಬಹುದಾ? ದೊಡ್ಡ ಪ್ರೈವೇಟ್ ಶಾಲೆಗಳಲ್ಲಿ ಕೌನ್ಸೆಲರ್, ಸ್ಪೆಷಲ್ ಎಜುಕೇಟರ್ ಇರುತ್ತಾರಂತೆ. ನಮ್ಮಂಥವರು ಯಾರನ್ನು ಕೇಳಬೇಕು?

ಹಳ್ಳಿ ಶಾಲೆ ಮೇಷ್ಟ್ರು:
ಅಮ್ಮ, ಅವನನ್ನು ಎಲ್ಲಿಗೂ ಕಳಿಸಬೇಡಿ. 2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ ಎಂಟನೇ ತರಗತಿ ಮುಗಿಯುವವರೆಗೆ ಯಾವ ಮಗುವನ್ನೂ ಶಾಲೆಯಿಂದ ಹೊರಗೆ ಹಾಕುವಂತಿಲ್ಲ.

ಮೂರನೇ ತರಗತಿವರೆಗೆ ಗೊತ್ತಾಗದೇ ಇದ್ದದ್ದಕ್ಕೆ ಕಾರಣ ಇದೆ. ಒಂದರಿಂದ ಮೂರರವರೆಗೆ ನಲಿ-ಕಲಿ. ಅಲ್ಲಿ ಮಗು ಕಾರ್ಡ್ ಹಿಡಿದು ಕಲಿಕಾ ಏಣಿಯಲ್ಲಿ ತನ್ನ ವೇಗದಲ್ಲೇ ಹತ್ತುತ್ತದೆ, ಪಕ್ಕದವರು ಸಹಾಯ ಮಾಡುತ್ತಾರೆ. ಪದ್ಧತಿ ಒಳ್ಳೆಯದೇ, ನಾನು ಅದರ ಪರವೇ. ಆದರೆ ನಾಲ್ಕಕ್ಕೆ ಬಂದ ಕೂಡಲೇ ದಪ್ಪ ಪಠ್ಯಪುಸ್ತಕ, ಬರೆದು ಉತ್ತರಿಸುವ ಪರೀಕ್ಷೆ. ಆಗ ಎಲ್ಲರ ಕಣ್ಣಿಗೂ ಬೀಳುತ್ತದೆ, ಮಗುವಿನ ತಪ್ಪು ಅನ್ನೋ ಹಾಗೆ ಮಾತಾಡುತ್ತಾರೆ.

ತಾಲ್ಲೂಕಿನ ಬಿಆರ್‌ಸಿಯಲ್ಲಿ (ಶಿಕ್ಷಣ ಇಲಾಖೆಯ ತಾಲ್ಲೂಕು ಸಂಪನ್ಮೂಲ ಕೇಂದ್ರ) ಬಿಐಇಆರ್‌ಟಿ ಅಂತ ಇರುತ್ತಾರೆ. ಸಮನ್ವಯ ಶಿಕ್ಷಣಕ್ಕೆಂದೇ, ಅಂದರೆ ವಿಶೇಷ ಅಗತ್ಯದ ಮಕ್ಕಳಿಗೆ ಎಲ್ಲರ ಜೊತೆಗೇ ಕಲಿಸಲೆಂದು ಇರುವ ಸಂಪನ್ಮೂಲ ಶಿಕ್ಷಕರು, ಕೆಲಸ ಸಮಗ್ರ ಶಿಕ್ಷಣ ಅನ್ನೋ ಸರ್ಕಾರಿ ಯೋಜನೆಯ ಅಡಿಯಲ್ಲಿ. ಹೆಡ್ಮಾಸ್ಟರಿಗೆ ಅರ್ಜಿ ಬರೆದು ಕೊಡಿ, ಒಂದು ಪ್ರತಿ ಬಿಆರ್‌ಸಿಗೂ ಕೊಡಿ. ಬಾಯಿ ಮಾತಲ್ಲಿ ಹೇಳಿದರೆ ಮರೆತುಹೋಗುತ್ತದೆ.

ಬಿಐಇಆರ್‌ಟಿ, ಮೈಸೂರು ಕಡೆ:
ಮೇಷ್ಟ್ರು ಹೇಳಿದ್ದು ಸರಿ. ನಮ್ಮ ಪರಿಸ್ಥಿತಿಯನ್ನೂ ಹೇಳುತ್ತೇನೆ, ಯಾಕೆಂದರೆ ಅದು ಗೊತ್ತಿದ್ದರೆ ನೀವು ಬೆನ್ನುಹತ್ತಿ ಕೇಳುತ್ತೀರಿ. ಇಡೀ ತಾಲ್ಲೂಕಿಗೆ ನಾವು ಬೆರಳೆಣಿಕೆಯಷ್ಟು ಜನ. ಶಾಲೆಗೆ ಬರಲಾಗದ ಮಕ್ಕಳಿಗೆ ಮನೆಗೇ ಹೋಗಿ ಕಲಿಸಬೇಕು, ಶಿಬಿರ, ಸಾಧನ ಸಲಕರಣೆ, ದಾಖಲೆ ಎಲ್ಲ ನಮ್ಮದೇ. ನಡೆಯಲಾಗದ ಮಗು, ಕಣ್ಣು ಕಾಣದ ಮಗು ಪಟ್ಟಿಗೆ ಬರುತ್ತದೆ. ನಿಮ್ಮ ಹುಡುಗನಂಥವರು ಬರುವುದೇ ಇಲ್ಲ, ನೋಡಲು ಎಲ್ಲ ಸರಿ ಇದ್ದಾರಲ್ಲ, "ದಡ್ಡ" ಅಂತ ಒಂದು ಮಾತಲ್ಲಿ ಮುಗಿಸಿಬಿಡುತ್ತಾರೆ. ನನಗೆ ಇದು ತುಂಬ ನೋವಿನ ವಿಷಯ. ವಿಶೇಷ ಅಗತ್ಯದ ಹತ್ತು ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕರು ಪ್ರಾಥಮಿಕ ಹಂತದಲ್ಲಿ ಇರಬೇಕು ಅಂತ 2021ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 16ನೇ ಸೆಕ್ಷನ್ ಕೂಡ ಕಲಿಕಾ ನ್ಯೂನತೆಯನ್ನು ಆದಷ್ಟು ಬೇಗ ಗುರುತಿಸಿ ತಕ್ಕಂತೆ ಕಲಿಸಬೇಕು ಅನ್ನುತ್ತದೆ. ಅರ್ಜಿಯಲ್ಲಿ ಆ ಸೆಕ್ಷನ್ ಬರೆಯಿರಿ.

ಎಲ್ಲಕ್ಕಿಂತ ಮೊದಲು ಕಣ್ಣು, ಕಿವಿ ತೋರಿಸಿ. ಮಕ್ಕಳ ಆರೋಗ್ಯ ತಪಾಸಣೆಯ ಸರ್ಕಾರಿ ಆರ್‌ಬಿಎಸ್‌ಕೆ ತಂಡ ಶಾಲೆಗೆ ಬಂದಾಗ ಹೇಳಬಹುದು, ಇಲ್ಲವೇ ಜಿಲ್ಲಾಸ್ಪತ್ರೆಗೆ ಹೋಗಿ. ಎನ್‌ಸಿಇಆರ್‌ಟಿಯವರ "ಪ್ರಶಸ್ತ್" ಅನ್ನೋ, ಮಕ್ಕಳ ನ್ಯೂನತೆ ಗುರುತಿಸುವ ಪ್ರಶ್ನೆಗಳ ಪಟ್ಟಿ 2022ರಿಂದ ಇದೆ, ಕ್ಲಾಸ್ ಟೀಚರೇ ತುಂಬಬಹುದು. ಅದು ಮೊದಲ ಜರಡಿ ಅಷ್ಟೇ, ರೋಗನಿರ್ಣಯ ಅಲ್ಲ. ಇನ್ನೊಂದು ಮಾತು: ಕನ್ನಡದ ಗುಣಿತ, ಒತ್ತಕ್ಷರ ಎಲ್ಲ ಪೂರ್ತಿ ಹಿಡಿತಕ್ಕೆ ಬರಲು ಎಷ್ಟೋ ಮಕ್ಕಳಿಗೆ ನಾಲ್ಕನೇ ತರಗತಿ ಆಗುತ್ತದೆ. ಹಾಗಾಗಿ ಸುಮ್ನೆ ಡಿಸ್ಲೆಕ್ಸಿಯಾ (ಓದು-ಬರಹದ ಕಲಿಕಾ ನ್ಯೂನತೆ) ಅಂತ ನೀವೇ ತೀರ್ಮಾನಿಸಬೇಡಿ, ಪರೀಕ್ಷೆ ಮಾಡಿಸಿ.

ಹಾಸನದ ಸುಮಾ:
ನನ್ನ ಮಗಳಿಗೂ ಹೀಗೇ ಇತ್ತು ಅಕ್ಕ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ವಾಕ್ ಶ್ರವಣ ಸಂಸ್ಥೆಯಲ್ಲಿ ತೋರಿಸಿದೆವು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ನೋಡುತ್ತಾರೆ, ನಿಮಗೆ ಯಾವುದು ಅನುಕೂಲವೋ ಅಲ್ಲಿಗೆ ಹೋಗಿ. ಬೆಳಿಗ್ಗೆ ಬೇಗ ಹೊರಡಿ, ಅವನ ನೋಟ್ ಬುಕ್‌ಗಳನ್ನು ತಪ್ಪದೆ ತೆಗೆದುಕೊಂಡು ಹೋಗಿ, ಅವರು ಕೇಳುತ್ತಾರೆ.

ಶಾಲೆಯಲ್ಲಿ ನಾವು ಕೇಳಿಕೊಂಡದ್ದು ಇಷ್ಟೇ. ಪ್ರಶ್ನೆಯನ್ನು ಓದಿ ಹೇಳಿ, ಉತ್ತರ ಬಾಯಲ್ಲಿ ಕೇಳಿ, ಸ್ವಲ್ಪ ಜಾಸ್ತಿ ಸಮಯ ಕೊಡಿ, ಎಲ್ಲರ ಎದುರು ನಿಲ್ಲಿಸಿ ಗಟ್ಟಿಯಾಗಿ ಓದಿಸಬೇಡಿ. ಕೊನೆಯದ್ದರಿಂದಲೇ ಅರ್ಧ ಬದಲಾವಣೆ ಆಯಿತು. ಬೆಳಿಗ್ಗೆ ಹೊಟ್ಟೆನೋವು ಅನ್ನುವುದು ನಿಂತಿತು.

ತಿಪಟೂರಿನ ಅಮ್ಮ:
ಎಲ್ಲರಿಗೂ ಧನ್ಯವಾದ. ಸೋಮವಾರ ಅರ್ಜಿ ಕೊಡುತ್ತೇನೆ. ಆದರೆ ಕಲಿಕಾ ನ್ಯೂನತೆ ಇದೆ ಅಂತ ಸರ್ಟಿಫಿಕೇಟ್ ಮಾಡಿಸಿದರೆ ಹುಡುಗನಿಗೆ ಆ ಹೆಸರೇ ಅಂಟಿಕೊಳ್ಳುತ್ತೆ ಅಂತ ನಮ್ಮತ್ತೆ ಹೆದರುತ್ತಿದ್ದಾರೆ. ಅದು ಬೇಕೇ ಬೇಕಾ?

ಬಿಐಇಆರ್‌ಟಿ, ಮೈಸೂರು ಕಡೆ:
ತರಗತಿಯಲ್ಲಿ ಸಹಾಯ ಶುರು ಮಾಡಲು ಬೇಡ. ಸುಮಾ ಅವರು ಹೇಳಿದ್ದನ್ನೆಲ್ಲ ನಿಮ್ಮ ಟೀಚರ್ ನಾಳೆಯಿಂದಲೇ ಮಾಡಬಹುದು. ಮುಂದೆ ಎಸ್ಸೆಸ್ಸೆಲ್ಸಿಯಲ್ಲಿ ಹೆಚ್ಚು ಸಮಯ, ಬರೆಯುವವರ ಸಹಾಯ ಬೇಕು ಅಂದರೆ ದಾಖಲೆ ಕೇಳುತ್ತಾರೆ. 2018ರ ಮಾರ್ಗಸೂಚಿಯಲ್ಲಿ ಎಂಟು ವರ್ಷ ತುಂಬಿದ ಮೇಲೆ ಸರ್ಟಿಫಿಕೇಟ್, ಮತ್ತೆ 14 ಮತ್ತು 18ಕ್ಕೆ ಮರುಪರೀಕ್ಷೆ ಅಂತ ಇತ್ತು, 2024ರಲ್ಲಿ ಹೊಸ ಮಾರ್ಗಸೂಚಿ ಬಂದಿದೆ, ಈಗಿನ ನಿಯಮ ಕೇಳಿ ತಿಳಿದುಕೊಳ್ಳಿ. ಅತ್ತೆಯವರನ್ನೂ ಒಂದು ದಿನ ಬಿಆರ್‌ಸಿಗೆ ಕರೆದುಕೊಂಡು ಹೋಗಿ, ನಮ್ಮವರು ಕೂರಿಸಿ ಮಾತಾಡುತ್ತಾರೆ.