ಪ್ರತಿ ವರ್ಷ ತಿಪ್ಪೆಗೊಬ್ಬರ ಹಾಕಿದ್ರೂ ಸಾವಯವ ಇಂಗಾಲ 0.38ರ ಮೇಲೆ ಏರವಲ್ದು, ಯಾಕ?

ಎರೆಹೊಲ, ಸಿಂಧನೂರು:
ಹತ್ತಿ, ಕಡಲೆ ಬೆಳೆಯೋ ಎರೆ ಹೊಲ. ಮಣ್ಣು ಪರೀಕ್ಷೆ ಕಾರ್ಡಿನಾಗ ಸಾವಯವ ಇಂಗಾಲ (ಕೊಳೆತ ಕಸಕಡ್ಡಿ, ಗೊಬ್ಬರದಿಂದ ಮಣ್ಣಿಗೆ ಸೇರೋ ಇಂಗಾಲ) ಶೇ. 0.38. ಎಕರೆಗೆ ಎರಡು ಟ್ರಾಲಿ ಗೊಬ್ಬರ ಏಪ್ರಿಲ್‌ನಾಗ ಹೇರಿ ಗುಂಪಿ ಹಾಕ್ತೀವಿ, ಮಳಿ ಬಿದ್ದ ಮ್ಯಾಲೆ ಹರಡ್ತೀವಿ. ಇನ್ನೂ ಹೆಚ್ಚು ಹಾಕಬೇಕಾ, ರಾತ್ರಿ ಹೊಲದಾಗ ಕುರಿ ನಿಲ್ಲಿಸಬೇಕಾ?

ಮಣ್ಣಿನಬಂಧು, ರಾಯಚೂರು:
ಮೊದಲು ಲೆಕ್ಕ ನೋಡ್ರಿ. ಎಕರೆಯ ಮೇಲಿನ ಅರ್ಧ ಅಡಿ ಮಣ್ಣು ಹತ್ತತ್ರ 850 ಟನ್. ಇಂಗಾಲ ಶೇ. 0.1 ಏರಬೇಕಂದ್ರ ಅದರಾಗ 850 ಕಿಲೋ ಉಳೀಬೇಕು. ಎರಡು ಟ್ರಾಲಿ ಅಂದ್ರ 5 ಟನ್. ನೀರು, ಮಣ್ಣು, ಬೂದಿ ಕಳೆದ್ರ ಇಂಗಾಲ 600 ಕಿಲೋ ಇದ್ರ ಹೆಚ್ಚು. ಅದರಾಗ ಬಹುಪಾಲು ಸೂಕ್ಷ್ಮಜೀವಿಗಳು ತಿಂದು ಗಾಳಿಗೆ ಬಿಡ್ತಾವ. ನೂರು ಕಿಲೋ ಆಸುಪಾಸು ನಿಂತ್ರ, 0.1 ಏರಾಕ ಎಂಟ್ಹತ್ತು ವರ್ಷ ಬೇಕು. ಎರಡು ವರ್ಷಕ್ಕ ಕಾರ್ಡು ಬದಲಾಗಿಲ್ಲಂತ ಕೈಬಿಡಬ್ಯಾಡ್ರಿ.

ಆದ್ರ ಗುಂಪಿ ಹಾಕೋದನ್ನ ಇವತ್ತೇ ನಿಲ್ಲಿಸ್ರಿ. ಬಿಸಿಲಿಗೆ ಸಾರಜನಕ ಅಮೋನಿಯಾ ಆಗಿ ಹಾರ್ತದ, ಮೊದಲ ಮಳಿಗೆ ಉಳಿದ ಸತ್ವ ಗುಂಪಿ ಬುಡಕ್ಕ ಇಳೀತದ. ಅಲ್ಲಷ್ಟೇ ಹತ್ತಿ ಕಪ್ಪಗ ಎದ್ದು, ಸುತ್ತ ಹಳದಿ ಇರ್ತದ, ನೋಡಿರ್ತೀರಿ. ಮಳಿಗಾಲದ ಹೊತ್ತಿಗೆ ಹೇರಿ, ಅವತ್ತೇ ಹರಡಿ, ಕುಂಟಿ ಹೊಡೆದು 3-4 ಇಂಚು ಒಳಗ ಸೇರಿಸ್ರಿ.

ಗೊಬ್ಬರದ ಗುಂಡಿ 20 ಅಡಿ ಉದ್ದ, 6 ಅಡಿ ಅಗಲ, 3 ಅಡಿ ಆಳ, ನೆರಳಿನಾಗ ಇರಲಿ. ನಿಮ್ಮ ಕಡೆ ಸುಡೋ ಭತ್ತದ ಹುಲ್ಲು ತಂದು ದನದ ಕಾಲಡಿ ಹಾಸಿ, ಗಂಜಲ ಹೀರಿದ ಮ್ಯಾಲೆ ಗುಂಡಿಗೆ ಹಾಕ್ರಿ. ದನ ಹೊರಹಾಕೋ ಸಾರಜನಕದಾಗ ಅರ್ಧದಷ್ಟು ಗಂಜಲದಾಗೇ ಅದ. ಗುಂಡಿ ಕಸ ಮುಷ್ಟಿಯಾಗ ಹಿಂಡಿದ್ರ ಒಂದೆರಡು ಹನಿ ಬರಬೇಕು. ಧಾರಿ ಬಂದ್ರ ನಾರ್ತದ, ಒಣಗಿದ್ರ ಕೊಳಿಯೋದೇ ನಿಲ್ತದ. ತುಂಬಿದ ಮ್ಯಾಲೆ ಸಗಣಿ-ಮಣ್ಣು ಮೆತ್ತಿ ನಾಲ್ಕು ತಿಂಗಳು ಬಿಡ್ರಿ. ಅರೆಬರೆ ಕೊಳೆತದ್ದು ಹಾಕಿದ್ರ ಗೊಣ್ಣೆಹುಳು, ಗೆದ್ದಲು ಹೊಲಕ್ಕ ಬರ್ತಾವ.

ಕುರಿಹಟ್ಟಿ, ಕುಷ್ಟಗಿ:
ಕುರಿ ನಿಲ್ಲಿಸಿದ್ರ ಬೆಳಿ ಬೇಗ ಏಳ್ತದ ಅಣ್ಣಾರ, ಇಂಗಾಲ ಅಷ್ಟು ಬೇಗ ಏರಲ್ಲ. ಹಿಕ್ಕಿಯಾಗ ಸಾರಜನಕ ಜಾಸ್ತಿ, ಲಗೂನ ಕರಗ್ತದ. ಹಟ್ಟಿ ದಿನಾ ಸರಿಸ್ರಿ. ಒಂದೇ ಜಾಗದಾಗ ಬಹಳ ರಾತ್ರಿ ನಿಂತ್ರ ಸಸಿ ಸುಡ್ತದ. ಮುಂಜಾನೆನೇ ಕುಂಟಿ ಹೊಡೀರಿ, ಇಲ್ಲಾಂದ್ರ ಉಚ್ಚಿ ಸತ್ವ ಗಾಳಿಪಾಲು. ಕುರಿ ಬಳ್ಳಾರಿ ಜಾಲಿ ಕಾಯಿ ಮೇಯ್ದಿದ್ರ ಬೀಜ ಹಿಕ್ಕಿಯಾಗ ಹಂಗೇ ಬರ್ತಾವ. ಮೊಳಕಿ ಗೇಣುದ್ದ ಆಗೋದ್ರೊಳಗ ಬೇರು ಸಮೇತ ಕೀಳ್ರಿ.

ಎರೆಹೊಲ, ಸಿಂಧನೂರು:
ಹತ್ತಿ ಕಟಗಿ ಸುಡ್ತಿದ್ವಿ. ಗುಂಡಿಗೆ ಹಾಕಬಹುದಾ? ಮುಂದಿನ ಪರೀಕ್ಷೆ ಯಾವಾಗ?

ಮಣ್ಣಿನಬಂಧು, ರಾಯಚೂರು:
ಇಡೀ ಕಟಗಿ ವರ್ಷಾದ್ರೂ ಕೊಳಿಯಲ್ಲ. ಯಂತ್ರದಾಗ ಎರಡಿಂಚಿನ ಚೂರು ಮಾಡಿ, ಹಸಿ ಸಗಣಿ ಜೋಡಿ ಪದರ ಪದರ ಹಾಕ್ರಿ. ಕೊನೆ ಸಲ ಹತ್ತಿ ಬಿಡಿಸಿದ ಕೂಡಲೇ ಮಾಡ್ರಿ, ಒಡೆಯದ ಕಾಯಾಗ ಗುಲಾಬಿ ಕಾಯಿಕೊರಕ ಹುಳು ಕುಂತಿರ್ತದ.

ಪರೀಕ್ಷೆ ಮೂರು ವರ್ಷಕ್ಕೊಮ್ಮೆ ಸಾಕು, ಪ್ರತಿ ಸಲ ಅದೇ ತಿಂಗಳು, ಗೊಬ್ಬರ ಹಾಕೋ ಮುಂಚೆ, ಅದೇ ಪ್ರಯೋಗಾಲಯ. ಎಂಟ್ಹತ್ತು ಕಡೆ V ಆಕಾರದ ಗುಣಿ ತೋಡಿ ಅರ್ಧ ಅಡಿ ತನಕದ ಮಣ್ಣು ಕೆರೀರಿ. ಹಳೆ ಗುಂಪಿ ಜಾಗ, ಬದುವಿನ ಬುಡ ಬಿಡ್ರಿ. ಸವುಳು (ಉಪ್ಪು) ಬಿದ್ದ ತುಂಡು ಇದ್ರ ಬ್ಯಾರೆ ಚೀಲ: ಅಲ್ಲಿ ಕ್ಲೋರೈಡ್ ಹೆಚ್ಚಿದ್ದು, ಮಾಮೂಲಿ ಪರೀಕ್ಷೆಯಾಗ ಇಂಗಾಲ ಇದ್ದದ್ದಕ್ಕಿಂತ ಜಾಸ್ತಿ ತೋರಿಸ್ತದ.