ತಮ್ಮನಿಗೆ ಬಲಗಡೆ ಹೊಟ್ಟೆನೋವು, ಗ್ಯಾಸಾ ಅಪೆಂಡಿಕ್ಸಾ? ಅವ್ವ ಆಪರೇಷನ್ ಅಂದ್ರೆ ಹೆದರ್ತಾಳೆ

ಜಗಳೂರು_ಹುಡ್ಗ:
ದಾವಣಗೆರೆ ಕಡೆಯವ್ರು ಯಾರಾದ್ರೂ ಇದ್ರೆ ಬೇಗ ಹೇಳ್ರಿ. ನನ್ ತಮ್ಮಗೆ 19 ವರ್ಷ, ನಿನ್ನೆ ಸಂಜೆ ಮಂಡಕ್ಕಿ ಮಿರ್ಚಿ ತಿಂದ್ಕೊಂಡ್ ಬಂದ, ರಾತ್ರಿ ಹೊಕ್ಕಳ ಸುತ್ತ ನೋವು ಅಂದ, ಗ್ಯಾಸ್ ಇರ್ಬೇಕು ಅಂತ ಈನೋ ಕೊಟ್ವಿ, ಓಂಕಾಳು ಅಗಿಸಿದ್ವಿ, ಆಮೇಲೆ ವಾಂತಿ ಶುರುವಾಯ್ತು, ಬೆಳಗ್ಗೆ ನೋಡಿದ್ರೆ ನೋವು ಕೆಳಗಿಳಿದು ಬಲಗಡೆ ಬಂದ್ ಕೂತೈತಿ. ತಿಂಡಿ ನೋಡಿದ್ರೇನೆ ಬೇಡ ಅಂತಾನೆ, ಮೈ ಸ್ವಲ್ಪ ಬಿಸಿ. ಅಜ್ಜಿ ಬಟ್ಟಿ ಸರಿದೈತಿ ತಿಕ್ಕಿಸ್ಕೊಂಬರ್ರಿ ಅಂತಾಳೆ, ಇಲ್ಲಾಂದ್ರೆ ಹರಳೆಣ್ಣೆ ಕುಡಿಸ್ರಿ ಅಂತ. ಆಪರೇಷನ್ ಮಾಡಿದ್ರೆ ಮುಂದೆ ಭಾರ ಎತ್ತಂಗಿಲ್ಲ ಅಂತ ಯಾರೋ ಅವ್ವನ ತಲೆಗೆ ತುಂಬಿದಾರೆ. ನಾಳೆವರೆಗೂ ನೋಡೋಣ್ವಾ?

ಸಿಸ್ಟರ್_ಹರಿಹರ:
ನಾಳೆ ಬ್ಯಾಡ, ಈಗ್ಲೇ ಹೊರಡ್ರಿ. ನಾನು ಸರ್ಜರಿ ವಾರ್ಡಲ್ಲೇ ಕೆಲಸ ಮಾಡೋಳು, ನೀವು ಬರೆದಿರೋದ್ರಲ್ಲಿ ನಂಗೆ ಭಯ ಆಗಿದ್ದು ನೋವು ಜಾಗ ಬದಲಿಸಿದ್ದು ಓದಿ. ಮೊದಲು ಹೊಕ್ಕಳ ಹತ್ರ, ಆಮೇಲೆ ವಾಂತಿ, ಆಮೇಲೆ ಬಲಗಡೆ ಕೆಳಗೆ, ಇದು ಅಪೆಂಡಿಕ್ಸ್ (ದೊಡ್ಡ ಕರುಳಿನ ಶುರುವಲ್ಲಿರೋ ಸಣ್ಣ ಬಾಲದಂಥ ಚೀಲ) ಊದ್ಕೊಂಡಾಗ ನೋವು ಬರೋ ದಾರಿ. ಒಳಗಿನ ನರಕ್ಕೆ ನೋವು ಎಲ್ಲಿಂದ ಬಂತು ಅಂತ ಸರಿಯಾಗಿ ತಿಳಿಯಲ್ಲ, ಅದಕ್ಕೆ ಮೊದಲು ಹೊಕ್ಕಳಲ್ಲಿ ನೋವು. ಊತ ಹೆಚ್ಚಾಗಿ ಹೊಟ್ಟೆಯ ಒಳಪದರಕ್ಕೆ ತಾಗಿದ ಮೇಲೆ ನಿಜವಾದ ಜಾಗ ಗೊತ್ತಾಗುತ್ತೆ. ಗ್ಯಾಸ್ ನೋವು ಅಲ್ಲಿ ಇಲ್ಲಿ ಓಡಾಡುತ್ತೆ, ಗಾಳಿ ಹೋದ್ರೆ ಇಳಿಯುತ್ತೆ, ಇದು ಇಳಿಯಲ್ಲ, ಕೆಮ್ಮಿದ್ರೆ, ಗಾಡಿ ಹಂಪ್ ಹಾರಿದ್ರೆ ಜಾಸ್ತಿ ಆಗುತ್ತೆ.

ತಿಕ್ಕಿಸಬ್ಯಾಡ್ರಿ. ಹರಳೆಣ್ಣೆ ಅಂತೂ ಕೊಡ್ಲೇಬ್ಯಾಡ್ರಿ, ಅಪೆಂಡಿಕ್ಸ್ ಒಡೆಯೋದಕ್ಕೆ ನಾವೇ ದಾರಿ ಮಾಡ್ಕೊಟ್ಟಂಗೆ. ಊಟ ನೀರು ನಿಲ್ಲಿಸ್ರಿ, ಅರಿವಳಿಕೆ ಕೊಡ್ಬೇಕಾಗಬಹುದು. ಇನ್ನೊಂದು, ನೋವು ಇದ್ದಕ್ಕಿದ್ದಂಗೆ ಕಡಿಮೆ ಆಯ್ತು ಅಂದ್ರೆ ಖುಷಿ ಪಡಬ್ಯಾಡ್ರಿ, ಒಡೆದಾಗ್ಲೂ ಸ್ವಲ್ಪ ಹೊತ್ತು ಹಂಗೇ ಆಗುತ್ತೆ, ಆಮೇಲೆ ಕೀವು ಹೊಟ್ಟೆಯೆಲ್ಲಾ ಹರಡಿ ಜೀವಕ್ಕೇ ಅಪಾಯ. ದಾವಣಗೆರೆಯ ಚಿಗಟೇರಿ ಜಿಲ್ಲಾಸ್ಪತ್ರೆನೋ ಬಾಪೂಜಿ ಆಸ್ಪತ್ರೆನೋ, ಯಾವ್ದು ಹತ್ರ ಆಗುತ್ತೋ ಅಲ್ಲಿಗೆ. ಗಾಡಿ ಇಲ್ದಿದ್ರೆ 108. ಬಿಪಿಎಲ್ ಕಾರ್ಡ್ ಇದ್ರೆ ಜೊತೇಲಿಟ್ಕೊಳ್ರಿ.

ದುರ್ಗದ_ಮಾವ:
ಸಿಸ್ಟರ್ ಹೇಳಿದ್ದು ಸರಿ ಐತಿ. ನಮ್ಮನೇಲಿ ಎರಡೂ ನೋಡೀವಿ. ನಮ್ಮ ಭಾವಮೈದನಿಗೆ ಒಡೆದ ಮೇಲೆ ಆಗಿದ್ದು, ಹೊಟ್ಟೆ ಕೊಯ್ದು, ಪೈಪ್ ಹಾಕಿ, ಗಾಯ ಕೀವು ಕಟ್ಟಿ ಅಬ್ಬಬ್ಬಾ. ಮಗಳಿಗೆ ಒಡೆಯೋಕೆ ಮುಂಚೆನೇ ಮೂರು ಸಣ್ಣ ತೂತು ಹಾಕಿ ತೆಗೆದ್ರು, ಮಾರನೇ ದಿನ ಓಡಾಡಿದ್ಲು. ಜನ ಆಪರೇಷನ್ ಅಪಾಯ ಅಪಾಯ ಅಂತಾರಲ್ಲ, ಮುಕ್ಕಾಲು ಪಾಲು ಅಪಾಯ ತಡ ಮಾಡಿದ್ರಿಂದ ಬರೋದು, ಇದು ನನ್ ಅಭಿಪ್ರಾಯ.

ವಿದ್ಯಾನಗರ_ಓದುಗ:
ಎಲ್ರಿಗೂ ಆಪರೇಷನ್ನೇ ಬೇಕು ಅಂತಿಲ್ಲ. ಅಮೆರಿಕದಲ್ಲಿ 1552 ಜನರ ಮೇಲೆ ಮಾಡಿದ ಅಧ್ಯಯನ 2020ರಲ್ಲಿ ಬಂತು, ಬರೀ ಆಂಟಿಬಯಾಟಿಕ್ ಕೊಟ್ಟವರಲ್ಲಿ 90 ದಿನದೊಳಗೆ ಆಪರೇಷನ್ ಬೇಕಾಗಿದ್ದು ಹತ್ರ ಹತ್ರ 29% ಜನಕ್ಕೆ. ಉಳಿದವರು ಅಲ್ಲೀತನಕ ಹಂಗೇ ನಿಭಾಯಿಸಿದ್ರು.

ಸಿಸ್ಟರ್_ಹರಿಹರ:
ನಿಜ ಸರ್, ಆದ್ರೆ ಅಪೆಂಡಿಕ್ಸ್ ಒಳಗೆ ಕಲ್ಲು (ಗಟ್ಟಿಯಾದ ಮಲದ ಉಂಡೆ) ಇದ್ದವರಲ್ಲಿ ಅದೇ ಲೆಕ್ಕ 41% ಆಗಿತ್ತು, ಅದನ್ನೂ ಹೇಳ್ರಿ. ಆಂಟಿಬಯಾಟಿಕ್ ಸಾಕಾ ಅನ್ನೋದು ರಕ್ತ ಪರೀಕ್ಷೆ, ಸ್ಕ್ಯಾನ್ ನೋಡಿ ಡಾಕ್ಟರ್ ಹೇಳ್ಬೇಕು, ಮೆಡಿಕಲ್ ಶಾಪಲ್ಲಿ ಮಾತ್ರೆ ಇಸ್ಕೊಂಡು ಮನೇಲಿ ಕೂರೋದಲ್ಲ. ಓದ್ತಿರೋ ಹೆಣ್ಮಕ್ಕಳಿಗೂ ಒಂದ್ಮಾತು, ಇದೇ ಜಾಗದ ನೋವು ಅಂಡಾಶಯದ ಗಡ್ಡೆ ತಿರುಚಿದ್ರೂ ಬರುತ್ತೆ, ಗರ್ಭ ನಾಳದಲ್ಲಿ ನಿಂತ್ರೂ ಬರುತ್ತೆ, ಮುಟ್ಟು ತಪ್ಪಿದ್ರೆ ನಾಚ್ಕೊಳ್ದೆ ಹೇಳ್ರಿ.

ಜಗಳೂರು_ಹುಡ್ಗ:
ಅಡ್ಮಿಟ್ ಮಾಡಿದ್ವಿ. ಸ್ಕ್ಯಾನಲ್ಲಿ ಅಪೆಂಡಿಕ್ಸ್ 9 ಮಿಮೀ ದಪ್ಪ, ಒಳಗೆ ಕಲ್ಲೂ ಐತಂತೆ, ಒಡೆದಿಲ್ಲ. ರಾತ್ರಿ ಲ್ಯಾಪ್ರೋಸ್ಕೋಪಿ (ಸಣ್ಣ ತೂತು ಹಾಕಿ ತೆಗೆಯೋ ಆಪರೇಷನ್) ಅಂದ್ರು. ಅವ್ವ ಇನ್ನೂ ಅದೇ ಕೇಳ್ತಾಳೆ, ತೋಟದ ಕೆಲಸ ಮಾಡ್ಬೋದಾ ಮುಂದೆ?

ಸಿಸ್ಟರ್_ಹರಿಹರ:
ಮಾಡ್ಬೋದು ಅಂತ ಹೇಳ್ರಿ. 6 ಮಿಮೀ ದಾಟಿದ್ರೇನೆ ಅನುಮಾನ ಪಡ್ತಾರೆ, ಅದರ ಜೊತೆ ಕಲ್ಲು ಬೇರೆ, ತೆಗೆಸೋದೇ ಸರಿ. ಕೆಲವು ವಾರ ಅಡಿಕೆ ಮೂಟೆ ಎತ್ತಬಾರದು, ಆಮೇಲೆ ಡಾಕ್ಟರ್ ಒಪ್ಪಿದ್ರೆ ಎತ್ಲಿ. ಅಪಾಯ ಇಲ್ವೇ ಇಲ್ಲ ಅಂತ ಸುಳ್ಳು ಹೇಳಲ್ಲ, ಗಾಯಕ್ಕೆ ಸೋಂಕು, ಒಳಗೆ ಕೀವು ಕಟ್ಟೋದು, ರಕ್ತಸ್ರಾವ, ಅಪರೂಪಕ್ಕೆ ಅರಿವಳಿಕೆಯ ತೊಂದರೆ, ಕೆಲವರಿಗೆ ವರ್ಷಗಳ ಮೇಲೆ ಕರುಳು ಒಂದಕ್ಕೊಂದು ಅಂಟ್ಕೊಂಡು ತಡೆ ಆಗೋದು. ತೂತು ಹಾಕಿದಾಗ ಗಾಯದ ಸೋಂಕು ಕೊಯ್ದಿದ್ದಕ್ಕಿಂತ ಕಡಿಮೆ. ಭುಜ ನೋಯ್ತಿದೆ ಅಂದ್ರೆ ಗಾಬರಿ ಆಗಬ್ಯಾಡ್ರಿ, ಆಪರೇಷನ್ ಮಾಡೋವಾಗ ಹೊಟ್ಟೆಗೆ ತುಂಬಿದ ಗ್ಯಾಸಿಂದ ಅದು, ಒಂದೆರಡು ದಿನಕ್ಕೆ ಹೋಗುತ್ತೆ. ಮನೆಗೆ ಬಂದ್ಮೇಲೆ ಜ್ವರ, ಹೊಟ್ಟೆ ಉಬ್ಬರ, ಮತ್ತೆ ವಾಂತಿ, ಹೊಲಿಗೆ ಹತ್ರ ಕೆಂಪು ಕೀವು ಕಂಡ್ರೆ ಫೋನಲ್ಲಿ ಕೇಳ್ತಾ ಕೂರ್ದೆ ವಾಪಸ್ ಕರ್ಕೊಂಡು ಹೋಗ್ರಿ. ತೆಗೆದಿದ್ದನ್ನ ಬಯಾಪ್ಸಿಗೆ ಕಳಿಸ್ತಾರೆ, ಆ ರಿಪೋರ್ಟ್ ಇಸ್ಕೊಳ್ದೆ ಎಷ್ಟೋ ಜನ ಹೋಗ್ಬಿಡ್ತಾರೆ, ಅಪರೂಪಕ್ಕೆ ಅದ್ರಲ್ಲಿ ಗಡ್ಡೆ ಸಿಗೋದುಂಟು. ಹೊಲಿಗೆ ತೋರ್ಸೋಕೆ ಹೋದಾಗ ಕೇಳಿ ಇಸ್ಕೊಳ್ರಿ.